ಸಹಾಯ ಬೇಕು: ಟ್ಯಾಂಕ್ ತುಂಬಿದರೂ ಆರ್‌ಒ ಯಂತ್ರದ ತ್ಯಾಜ್ಯ ನೀರು ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕೋಲಾರದ ನಮ್ಮ ಮನೆಯ ಆರ್‌ಒ ಯಂತ್ರದ ಟ್ಯಾಂಕ್ ತುಂಬಿ ಪಂಪಿನ ಸದ್ದು ನಿಂತ ಮೇಲೂ ತ್ಯಾಜ್ಯ ನೀರಿನ ಪೈಪಿನಿಂದ ಸಿಂಕಿಗೆ ಸಣ್ಣ ಧಾರೆ ಹರಿಯುತ್ತಲೇ ಇರುತ್ತದೆ; ಪ್ಲಗ್ ಕಿತ್ತರೂ ನಿಲ್ಲುವುದಿಲ್ಲ, ಒಳಬರುವ ನೀರಿನ ನಲ್ಲಿ ಮುಚ್ಚಿದರೆ ಮಾತ್ರ ನಿಲ್ಲುತ್ತದೆ. ಅಷ್ಟು ಆಳದ ಬೋರ್‌ವೆಲ್ಲಿನಿಂದ ಎತ್ತಿದ ನೀರು ಹೀಗೆ ಚರಂಡಿ ಸೇರುವುದನ್ನು ನೋಡಲಾಗುತ್ತಿಲ್ಲ. ರಿಪೇರಿಗೆ ಬಂದವರು ಮೆಂಬ್ರೇನ್ (ನೀರು ಸೋಸುವ ಪೊರೆ) ಬದಲಿಸಬೇಕೆಂದರು. ಆದರೆ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿರುವ ಲವಣಾಂಶದ ಅಳತೆ) 900ರ ಆಸುಪಾಸಿನಲ್ಲಿದ್ದು, ಶುದ್ಧವಾಗಿ ಬರುವ ನೀರಿನದು 70 ಇರುವುದರಿಂದ ಮೆಂಬ್ರೇನ್ ಚೆನ್ನಾಗಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ವಿದ್ಯುತ್ ಇಲ್ಲದಾಗ ಮುಚ್ಚಿಕೊಳ್ಳಬೇಕಾದ ಸೊಲೆನಾಯ್ಡ್ ವಾಲ್ವಿನೊಳಗೆ (ಒಳಬರುವ ನೀರನ್ನು ತಡೆಯುವ ವಿದ್ಯುತ್ ಕವಾಟ) ಮರಳಿನ ಕಣ ಸಿಕ್ಕಿಕೊಂಡಿರಬಹುದೇ? ಅದನ್ನು ಬಿಚ್ಚಿ ತೊಳೆದು ಜೋಡಿಸಿದ ಅನುಭವವಿರುವವರು, ಒಳಗಿನ ರಬ್ಬರ್ ಡಯಾಫ್ರಮ್ ಯಾವ ಮುಖವಾಗಿ ಕೂರಬೇಕು, ಅಥವಾ ಹೊಸ ವಾಲ್ವನ್ನೇ ಹಾಕಿಸುವುದು ಲೇಸೇ ಎಂಬುದನ್ನು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.