‘ರೋಜಾ ಬಿಟ್ಟರು’ ಅಂದರೆ ಸಂಜೆ ತಿಂದರೋ, ಅವತ್ತು ಹಿಡಿಯಲೇ ಇಲ್ಲವೋ?

ಬಲ್ಲವರಲ್ಲಿ ಒಂದು ಕೇಳಿಕೆ.

ಕೋಲಾರದ ನಮ್ಮ ಮೊಹಲ್ಲಾದ ಮಸೀದಿಯವರು ಈ ಸಲ ರಂಜಾನಿನ ರೋಜಾದ, ಅಂದರೆ ಉಪವಾಸದ, ವೇಳಾಪಟ್ಟಿಯ ಕಾರ್ಡನ್ನು ಕನ್ನಡದಲ್ಲೂ ಅಚ್ಚು ಹಾಕಿಸಲು ಹೊರಟಿದ್ದಾರೆ. ಮನೆಯಲ್ಲಿ ದಖ್ಖನಿ ಉರ್ದು ಮಾತು, ಶಾಲೆಯಲ್ಲಿ ಕನ್ನಡದ ಓದು, ಉರ್ದು ಲಿಪಿ ಕಂಡರೆ ತಡವರಿಸುವ ಹುಡುಗರು ಈಗ ಎಲ್ಲರ ಮನೆಯಲ್ಲೂ ಇದ್ದಾರೆ. ನಾನು ಕನ್ನಡ ಮೇಷ್ಟ್ರಾದ್ದರಿಂದ ಕೆಲಸ ನನ್ನ ತಲೆಗೆ ಬಂತು. ಸಮಯದ ಭಾಗ ಸಲೀಸು. ಬೆಂಗಳೂರಿನ ಪಟ್ಟಿಯಿಂದ ಎರಡು ನಿಮಿಷ ಕಳೆದರೆ ನಮ್ಮೂರಿನದು ಬರುತ್ತದೆ. ಕೋಲಾರ ಹೆಚ್ಚುಕಡಿಮೆ ಅರ್ಧ ಡಿಗ್ರಿ ಪೂರ್ವಕ್ಕಿದೆ. ತುಮಕೂರಿನವರು ಎರಡು ನಿಮಿಷ ಕೂಡಿಸಿಕೊಳ್ಳಬೇಕು, ಅಷ್ಟೆ. ತೊಡಕು ಬಂದದ್ದು ಹಿಂಬದಿಯ ಸೂಚನೆಗಳಲ್ಲಿ. ಈ ಎರಡು ಸಾಲು ನೋಡಿ (ಮಗ್ರಿಬ್ ಅಜಾನ್ ಅಂದರೆ ಸೂರ್ಯ ಮುಳುಗಿದಾಗಿನ ನಮಾಜಿನ ಕರೆ):

“ಮಗ್ರಿಬ್ ಅಜಾನ್ ಆದ ಕೂಡಲೇ, ತಡಮಾಡದೆ, ಖರ್ಜೂರ ಇಲ್ಲವೇ ನೀರಿನಿಂದ ರೋಜಾ ಬಿಡಬೇಕು.”

“ಬಿಟ್ಟ ರೋಜಾಗಳನ್ನು ರಂಜಾನ್ ಕಳೆದ ಮೇಲೆ ತೀರಿಸಬೇಕು.”

ಎರಡನ್ನೂ ಒಟ್ಟಿಗೆ ಓದಿದವನು ದಿನಾ ಸಂಜೆ ಬಿಟ್ಟದ್ದನ್ನೆಲ್ಲ ಮತ್ತೆ ತೀರಿಸಬೇಕೇ ಅಂತ ಕೇಳಿದರೆ ತಪ್ಪು ಅವನದಲ್ಲ. ಮೊದಲ ‘ಬಿಡು’ ಅಂದರೆ ಹೊತ್ತಿಗೆ ಸರಿಯಾಗಿ ಪೂರೈಸುವುದು. ಎರಡನೆಯದು ಕಾಯಿಲೆಗೋ ಪ್ರಯಾಣಕ್ಕೋ ಅವತ್ತಿನ ರೋಜಾ ಹಿಡಿಯದೇ ಇರುವುದು. ಆಡುಮಾತಿನಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. “ಏನ್ ಸಾರ್, ಇವತ್ತು ರೋಜಾ ಬಿಟ್ರಾ?” ಅಂತ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಕೇಳಿದರೆ ಒಂದರ್ಥ, ಸಂಜೆ ಏಳಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಇನ್ನೊಂದರ್ಥ. ಮಾತಿಗೆ ಗಡಿಯಾರದ ಆಸರೆ ಇದೆ, ಕಾರ್ಡಿಗೆ ಇಲ್ಲ.

ದಖ್ಖನಿಯಲ್ಲಿ ಈ ಗೋಜಿಲ್ಲ. ಸಂಜೆ ‘ರೋಜಾ ಖೋಲ್ನಾ’, ಅಂದರೆ ತೆರೆಯುವುದು. ಹಿಡಿಯದೆ ಇದ್ದರೆ ‘ಛೋಡ್ನಾ’. ಹಿಡಿದು ನಡುವೆ ಕೆಡಿಸಿದರೆ ‘ತೋಡ್ನಾ’, ಮುರಿಯುವುದು. ಮೂರಕ್ಕೂ ಫಲ ಬೇರೆ. ಕಾಯಿಲೆಯವರು, ಪ್ರಯಾಣದವರು ಬಿಟ್ಟರೆ ಒಂದಕ್ಕೆ ಒಂದರಂತೆ ಆಮೇಲೆ ಹಿಡಿದು ತೀರಿಸಬೇಕು, ಅದು ಕಜಾ. ಬೇಕೆಂದೇ ಹಗಲು ತಿಂದು ಮುರಿದರೆ, ನಮ್ಮ ಕಡೆ ನಡೆಯುವ ಹನಫಿ ಪದ್ಧತಿಯಲ್ಲಿ, ಅದನ್ನು ತೀರಿಸುವುದಲ್ಲದೆ ಸತತ 60 ದಿನ ರೋಜಾ ಹಿಡಿಯಬೇಕು, ಅದಕ್ಕೆ ಶಕ್ತಿಯಿಲ್ಲದವರು 60 ಬಡವರಿಗೆ ಊಟ ಹಾಕಬೇಕು, ಅದು ಕಫ್ಫಾರಾ. ಮರೆತು ತಿಂದದ್ದಕ್ಕೆ ಏನೂ ಇಲ್ಲ, ನೆನಪಾದ ಗಳಿಗೆ ನಿಲ್ಲಿಸಿ ಮುಂದುವರಿಸಿದರೆ ಸಾಕು. ಆದ್ದರಿಂದಲೇ ಪತ್ರಿಕೆಯಲ್ಲಿ “ಇಫ್ತಾರ್ ಕೂಟದಲ್ಲಿ ಗಣ್ಯರು ಉಪವಾಸ ಮುರಿದರು” ಎಂದು ಓದಿದಾಗ ನಮ್ಮ ಮನೆಯಲ್ಲಿ ನಗು. ಗಣ್ಯರ ತಲೆಗೆ 60 ದಿನ ಕಟ್ಟಿದ ಹಾಗಾಯಿತು! ‘ಮುರಿ’ ನಮಗೆ ಇಂಗ್ಲಿಷಿನಿಂದ ಬಂದ ರೂಢಿ ಎಂದೇ ನನ್ನ ಅನುಮಾನ. ಕನ್ನಡದಲ್ಲಿ ಮಾತು ಮುರಿಯುತ್ತದೆ, ಮದುವೆ ಮುರಿಯುತ್ತದೆ, ಒಳ್ಳೆಯದಾಗಿ ಮುಗಿದ ಯಾವುದೂ ಮುರಿಯುವುದಿಲ್ಲ. ‘ಉಪವಾಸ ಕೈಬಿಟ್ಟರು’ ಕೂಡ ಆಗದು. ನೀರಾವರಿಗಾಗಿ ವರ್ಷಗಟ್ಟಲೆ ಹೋರಾಡಿದ ಈ ಜಿಲ್ಲೆಯಲ್ಲಿ ಆ ಮಾತಿನ ಹಿಂದೆಯೇ ಸತ್ಯಾಗ್ರಹದ ಚಪ್ಪರ, ಎಳನೀರು ಕುಡಿಸುವ ಅಧಿಕಾರಿ ಬಂದು ನಿಲ್ಲುತ್ತಾರೆ.

ಸುತ್ತಲ ಭಾಷೆಗಳನ್ನು ನೋಡಿದೆ. ಮಲಯಾಳಂನಲ್ಲಿ ‘ನೋಂಬುತುರ’, ನೋಂಬು ಅಂದರೆ ಉಪವಾಸ, ತುರ ಅಂದರೆ ತೆರೆಯುವುದು. ಕೆಜಿಎಫ್‌ನ ತಮಿಳು ಮನೆಗಳಲ್ಲೂ ನೋನ್ಬನ್ನು ‘ತೆರೆಯು’ತ್ತಾರೆ, ಆಮೇಲೆ ನೋನ್ಬು ಕಂಜಿ ಕುಡಿಯುತ್ತಾರೆ. ಮಗು ಮೊದಲ ಸಲ ರೋಜಾ ಹಿಡಿದ ದಿನ ಹೂವಿನ ಹಾರ ಹಾಕಿ, ಹೊಸ ಬಟ್ಟೆ ಉಡಿಸಿ ಮಾಡುವ ಸಂಭ್ರಮಕ್ಕೆ ಉರ್ದುವಿನಲ್ಲಿ ‘ರೋಜಾ ಕುಶಾಯಿ’. ಪಾರಸಿಯ ಕುಶಾಯಿ ಅಂದರೂ ತೆರೆಯುವುದೇ. ಕರಾವಳಿಯವರ ಬರಹದಲ್ಲಿ ‘ಉಪವಾಸ ತೊರೆದರು’ ಎಂದು ಕಂಡಿದ್ದೇನೆ. ಅದು ಆ ‘ತುರ’ದ ನೆರಳಿರಬೇಕು, ಘಟ್ಟದ ಮೇಲಿನವರ ಕಿವಿಗೆ ಮಾತ್ರ ಸಂನ್ಯಾಸ ತೆಗೆದುಕೊಂಡಂತೆ ಕೇಳಿಸುತ್ತದೆ. ಇನ್ನು ಅರಬಿಯ ಇಫ್ತಾರ್ ಹುಟ್ಟಿದ್ದು ಸೀಳು, ಬಿರಿ ಎಂಬ ಅರ್ಥದ ಧಾತುವಿನಿಂದ. ಸಂಜೆ ಪೂರೈಸಿದವನಿಗೂ ಹಗಲಿನಲ್ಲಿ ಕೆಡಿಸಿದವನಿಗೂ ಅಲ್ಲಿ ಅದೇ ಕ್ರಿಯಾಪದ. ಹಾಗಾಗಿ ಇದು ಕನ್ನಡದ ಬಡತನ ಎಂದು ಯಾರೂ ಕೊರಗಬೇಕಾಗಿಲ್ಲ.

‘ರೋಜಾ ತೆರೆಯಬೇಕು’ ಎಂದು ಬರೆದುಬಿಡಬಹುದಿತ್ತು. ಬರೆದು ನೋಡಿದೆ, ಸರಿಬೀಳಲಿಲ್ಲ. ನಮ್ಮ ಕಡೆ ಯಾರೂ ಹಾಗೆ ಅನ್ನುವುದಿಲ್ಲ. ಊರಿನ ಹಿಂದೂ ಅಜ್ಜಿಯರು ಅನ್ನುವುದು ‘ಒಂದೊತ್ತು’. “ನಿಮ್ಮೋರ್ದು ಒಂದೊತ್ತು ಶುರುವಾಯ್ತೇನಪ್ಪಾ?” ಎಂದು ಕೇಳುತ್ತಾರೆ, ತೆಲುಗು ಮನೆಯವರು ‘ಒಕ್ಕಪೊದ್ದು’ ಎನ್ನುತ್ತಾರೆ. ಶನಿವಾರದ ಒಂದೊತ್ತನ್ನೂ ಅವರು ‘ಬಿಡುವುದೇ’. ತೆಲುಗಿನ ‘ವಿಡುಚು’ ಕೂಡ ನಮ್ಮ ‘ಬಿಡು’ವಿನ ಒಡಹುಟ್ಟು. ಕಟ್ಟಿಕೊಂಡ ನೇಮದಿಂದ ಬಿಡುಗಡೆ ಎಂಬ ಅರ್ಥ ಅದರಲ್ಲಿ ಚೆನ್ನಾಗಿಯೇ ಇದೆ. ಕಷ್ಟ ಏನೆಂದರೆ, ದಖ್ಖನಿ ಕಿವಿಗೆ ‘ಬಿಡು’ ಎಂದ ಕೂಡಲೇ ‘ಛೋಡ್ನಾ’ ನೆನಪಾಗುತ್ತದೆ. ಕಾರ್ಡು ಓದುವವರು ಅವರೇ.

ಅರ್ಥಕ್ಕೆ ಕರಾರುವಾಕ್ಕಾಗಿ ಹೊಂದುವ ಪದ ‘ಪಾರಣೆ’. ಏಕಾದಶಿ ಮುಗಿದು ದ್ವಾದಶಿ ಬೆಳಿಗ್ಗೆ ಗೊತ್ತಾದ ಹೊತ್ತಿನೊಳಗೆ ಉಣ್ಣುವುದು, ಉಂಡರೇ ವ್ರತ ಪೂರ್ಣ. ಹೊತ್ತು ಮೀರಿಸಬಾರದು ಎಂಬುದು ಕೂಡ ಇಫ್ತಾರಿನಂತೆಯೇ. ಆದರೂ ಮಸೀದಿಯ ಕಾರ್ಡಿನಲ್ಲಿ ಅದನ್ನು ಹಾಕುವ ಮನಸ್ಸಾಗಲಿಲ್ಲ. ಓದುವ ಹುಡುಗನಿಗೆ ಅದಕ್ಕೂ ಒಂದು ಟಿಪ್ಪಣಿ ಬೇಕಾಗುತ್ತದೆ. ‘ನೋಂಬು’ ವಿಷಯಕ್ಕೂ ಇದೇ ಮಾತು. ಜೈನರ ನೋಂಪಿ, ದೀಪಾವಳಿಗೆ ನಮ್ಮ ಸೀಮೆಯಲ್ಲಿ ಕಜ್ಜಾಯ ಇಟ್ಟು ದಾರ ಕಟ್ಟಿಕೊಳ್ಳುವ ಕೇದಾರೇಶ್ವರನ ನೋಮು, ಕೆಜಿಎಫ್‌ನ ನೋನ್ಬು, ಇವೆಲ್ಲ ಒಂದೇ ಬೇರಿನವು ಎಂದು ತಿಳಿದಾಗ ನನಗೆ ಹಿಗ್ಗಾದದ್ದು ನಿಜ. ಕಾರ್ಡಿಗೆ ‘ರೋಜಾ’ವೇ ಸಾಕು. (ರೋಜಾ ಹೂವಿನೊಡನೆ ಗೊಂದಲವಾಗುತ್ತದೆ ಎಂದವರೂ ಇದ್ದಾರೆ. ಹೂವನ್ನು ಯಾರೂ ಕಜಾ ಮಾಡುವುದಿಲ್ಲ, ಬಿಡಿ.)

‘ಉಪವಾಸ’ದ ಮೇಲೆ ನನ್ನ ತಕರಾರಿಲ್ಲ. ಅದನ್ನು ಕೇಳಿದವರು ಹಣ್ಣು ಹಾಲು ನಡೆಯುತ್ತದೆ ಅಂದುಕೊಂಡು “ನೀರೂ ಕುಡಿಯಲ್ವಾ?” ಎಂದು ವರ್ಷಾ ವರ್ಷಾ ಬೆರಗಾಗುತ್ತಾರೆ ಅನ್ನುವುದೊಂದು ಬಿಟ್ಟರೆ.

ತಕರಾರು ಇರುವುದು ‘ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ’ ಎಂಬ ಸಿದ್ಧ ವಾಕ್ಯದ ಮೇಲೆ. ಪಠ್ಯದಲ್ಲಿ, ಭಾಷಣದಲ್ಲಿ, ಎಲ್ಲ ಕಡೆ ಇದೇ. ಸಹರಿ, ಅಂದರೆ ರೋಜಾ ಹಿಡಿಯುವ ಮುಂಚಿನ ಊಟ, ಮುಗಿಯುವುದು ಸೂರ್ಯ ಹುಟ್ಟುವುದಕ್ಕೆ ಒಂದು ಗಂಟೆಗೂ ಮುಂಚೆ, ಮೂಡಲಲ್ಲಿ ಬೆಳಕಿನ ಅಡ್ಡಗೆರೆ ಕಾಣುವಾಗ. ಕುರಾನಿನ ಎರಡನೆಯ ಅಧ್ಯಾಯದ 187ನೇ ವಚನದಲ್ಲಿ ಅದಕ್ಕೆ ಕೊಟ್ಟ ಗುರುತು ಬಿಳಿ ಎಳೆ, ಕಪ್ಪು ಎಳೆ ಬೇರೆಬೇರೆ ಕಾಣುವುದು. ಈ ಹೊತ್ತಿಗೆ ಕನ್ನಡದಲ್ಲಿ ಪದಕ್ಕೆ ಬರವೇ? ನಸುಕು, ಮುಂಬೆಳಗು, ಮುಂಜಾವು, ಕೋಳಿ ಕೂಗೋ ಹೊತ್ತು. ಪಂಚಾಂಗದವರ ‘ಅರುಣೋದಯ’ ಸೂರ್ಯೋದಯಕ್ಕೆ ನಾಲ್ಕು ಗಳಿಗೆ ಮುಂಚೆ, ಅಂದರೆ 96 ನಿಮಿಷ. ನಮಗೆ ಸ್ವಲ್ಪ ಬೇಗವಾಯಿತು. ನಾನು ‘ನಸುಕು ಹರಿಯುವ ಮುನ್ನ’ ಎಂದು ಹಾಕಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ತಿಳಿಸಿ.

ಚಾಂದ್ ಕಾಣುವ ಮಾತಿಗೆ ಹುಡುಕಾಟವೇ ಬೇಕಾಗಲಿಲ್ಲ. ಯುಗಾದಿ ಚಂದ್ರನನ್ನು ನೋಡುವವರಿಗೆ ಅದೇನು ಹೊಸದೇ? 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಅವತ್ತೇ ಸಂಜೆ ಚಂದ್ರ ಕಂಡು 31ಕ್ಕೆ ಈದ್ ಆಯಿತು. ‘ಚಂದ್ರ ಕಂಡ ಮಾರನೆಯ ದಿನ’ ಎಂದು ಬರೆದು ಮುಂದೆ ಹೋದೆ.

ಈಗ ಪ್ರಶ್ನೆ. ಸದ್ಯಕ್ಕೆ ಮೊದಲ ಸಾಲನ್ನು ‘ರೋಜಾ ಬಿಡಬೇಕು’ ಎಂದೇ ಉಳಿಸಿಕೊಂಡು, ಎರಡನೆಯದನ್ನು ‘ತಪ್ಪಿದ ರೋಜಾಗಳನ್ನು’ ಎಂದು ತಿದ್ದಿದ್ದೇನೆ. ನಡುವೆ ಹಾಳಾದದ್ದಕ್ಕೆ ‘ಕೆಟ್ಟ ರೋಜಾ’ ಎಂದರೆ ಬೈದಂತಾಗುತ್ತದೆ, ‘ರೋಜಾ ಕೆಟ್ಟರೆ’ ಎಂದರೆ ಸರಿಹೋಗುತ್ತದೆ. ಆದರೆ ‘ತಪ್ಪಿದ’ ಎನ್ನುವುದರಲ್ಲಿ ತಪ್ಪು ಮಾಡಿದ ವಾಸನೆ ಇದೆಯೇ? ಬಾಣಂತಿಗೂ ಹಾಸಿಗೆ ಹಿಡಿದವರಿಗೂ ಧರ್ಮವೇ ಕೊಟ್ಟ ವಿನಾಯಿತಿ ಅದು, ಅವರನ್ನು ಚುಚ್ಚಬಾರದು. ‘ಹಿಡಿಯದ ರೋಜಾ’, ‘ಉಳಿದ ರೋಜಾ’, ‘ಬಾಕಿ ರೋಜಾ’, ಇವುಗಳಲ್ಲಿ ನಿಮ್ಮ ಕಿವಿಗೆ ಯಾವುದು ಹಿತ? ನನಗೆ ‘ಬಾಕಿ’ಯ ಕಡೆ ಮನಸ್ಸು ವಾಲುತ್ತಿದೆ, ‘ತೀರಿಸು’ವಿಗೆ ಅದು ಒಳ್ಳೆಯ ಜೋಡಿ. ಶಿರಾ, ಪಾವಗಡ, ಚಿಂತಾಮಣಿ ಕಡೆಯವರು ಸಂಜೆಯದಕ್ಕೆ ‘ಬಿಡು’ ಅಲ್ಲದೆ ಬೇರೆ ಏನಾದರೂ ಅನ್ನುತ್ತಾರೆಯೇ, ಯಾರಾದರೂ ‘ರೋಜಾ ಬಿಚ್ಚು’ ಎಂದದ್ದನ್ನು ಕೇಳಿದ್ದೀರಾ? ಶಬೇಬರಾತ್ ಹೊತ್ತಿಗೆ, ಅಂದರೆ ರಂಜಾನಿಗೆ ಸುಮಾರು ಎರಡು ವಾರ ಮುಂಚೆ, ಕರಡು ಪ್ರೆಸ್ಸಿಗೆ ಹೋಗಬೇಕು, ಅಷ್ಟರೊಳಗೆ ಬರೆದರೆ ಉಪಕಾರ.