ಒಂದೇ ಥರ ಕಾಣುವ ಮೂರು ಕಿತ್ತಳೆ ಚಿಟ್ಟೆಗಳು: ಎಲ್ಲವೂ ಪ್ಲೇನ್ ಟೈಗರ್ ಅಲ್ಲವೇ?

ರೆಕ್ಕೆಪುಕ್ಕ
ಎಲ್ಲರಿಗೂ ನಮಸ್ಕಾರ. ಚಿಟ್ಟೆ ನೋಡಲು ಶುರುಮಾಡಿ ಒಂದು ವರ್ಷ ಆಯ್ತು. ಇಷ್ಟು ದಿನ ಕಿತ್ತಳೆ ಮೈ, ಮುಂದಿನ ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನೊಳಗೆ ಬಿಳಿ ಪಟ್ಟಿ ಇದ್ದದ್ದನ್ನೆಲ್ಲ ಕಣ್ಣುಮುಚ್ಚಿ ‘ಪ್ಲೇನ್ ಟೈಗರ್’ ಅಂತ ಬರೆದಿಡ್ತಿದ್ದೆ. ಮೊನ್ನೆ ಗುರುತಿಸುವ ಆ್ಯಪ್‌ಗೆ ಮೂರು ಫೋಟೊ ಹಾಕಿದರೆ ಒಂದಕ್ಕೆ ಪ್ಲೇನ್ ಟೈಗರ್ ಅಂದಿತು, ಇನ್ನೊಂದಕ್ಕೆ ಡನಾಯ್ಡ್ ಎಗ್‌ಫ್ಲೈ ಅಂದಿತು, ಮೂರನೆಯದಕ್ಕೆ ಎರಡೂ ಇರಬಹುದು ಅಂತ ಕೈತೊಳೆದುಕೊಂಡಿತು. ನನ್ನ ಕಣ್ಣಿಗೆ ಮೂರೂ ಅಚ್ಚು ಹೊಡೆದ ಹಾಗಿವೆ. ಚಿತ್ರ 1 ಮತ್ತು 2 ರೆಕ್ಕೆ ಬಿಚ್ಚಿ ಕೂತಿದ್ದು, ಚಿತ್ರ 3 ರೆಕ್ಕೆ ಮಡಚಿದ್ದು, ಹಿಂದಿನ ರೆಕ್ಕೆಗೆ ಎಲೆ ಅಡ್ಡ ಬಂದಿದೆ. ಆ್ಯಪ್ ತಪ್ಪಾ, ನಾನು ತಪ್ಪಾ?

ಹಾರುಹುಲಿ
ಕಪ್ಪು ತುದಿ, ಬಿಳಿ ಪಟ್ಟಿ ಇದೆಯಲ್ಲ, ಮೂರೂ ಪ್ಲೇನ್ ಟೈಗರ್. ಆ್ಯಪ್ ಮಾತು ಕೇಳಬೇಡಿ.

ಎಕ್ಕದ ಗಿಡ
ಹಾರುಹುಲಿ ಸರ್, ಸ್ವಲ್ಪ ತಡೀರಿ. ಆ ಕಪ್ಪು ತುದಿ, ಬಿಳಿ ಪಟ್ಟಿಯನ್ನೇ ನಂಬಿ ಮೋಸಹೋಗೋದು, ಯಾಕಂದ್ರೆ ನಕಲು ಮಾಡುವ ಚಿಟ್ಟೆ ಮೊದಲು ನಕಲು ಮಾಡಿರುವುದೇ ಅದನ್ನು. ಪ್ಲೇನ್ ಟೈಗರ್‌ನ ಹುಳು ಎಕ್ಕದಂಥ ಹಾಲು ಬರುವ ಗಿಡ ತಿಂದು ಬೆಳೆಯುತ್ತೆ, ಅದರ ವಿಷ ಮೈಗೂಡಿಸಿಕೊಳ್ಳುತ್ತೆ. ಒಮ್ಮೆ ಬಾಯಿಗಿಟ್ಟ ಹಕ್ಕಿ ಆ ಬಣ್ಣವನ್ನು ಮರೆಯಲ್ಲ. ಡನಾಯ್ಡ್ ಎಗ್‌ಫ್ಲೈ ಹೆಣ್ಣಿಗೆ ಆ ವಿಷವಿಲ್ಲ, ಆ ವೇಷ ಮಾತ್ರ ಇದೆ. ರುಚಿಯಿರುವ ಚಿಟ್ಟೆ ಕಹಿ ಚಿಟ್ಟೆಯ ವೇಷ ಹಾಕುವ ಈ ಬಗೆಯನ್ನು ಹೆನ್ರಿ ಬೇಟ್ಸ್ 1862ರಲ್ಲಿ ಅಮೆಜಾನ್ ಚಿಟ್ಟೆಗಳನ್ನು ಇಟ್ಟುಕೊಂಡು ವಿವರಿಸಿದ್ದರು.

ಈಗ ಹಿಂದಿನ ರೆಕ್ಕೆಗೆ ಬನ್ನಿ. ಪ್ಲೇನ್ ಟೈಗರ್‌ನಲ್ಲಿ ಹಿಂದಿನ ರೆಕ್ಕೆಯ ನಡುಭಾಗದಲ್ಲಿ ಕಪ್ಪು ಚುಕ್ಕೆಗಳ ಗುಂಪು ಇರುತ್ತೆ: ಹೆಣ್ಣಿಗೆ ಮೂರು, ಗಂಡಿಗೆ ನಾಲ್ಕು. ಗಂಡಿನ ನಾಲ್ಕನೆಯದು ನಿಜವಾಗಿ ಚುಕ್ಕೆಯಲ್ಲ, ವಾಸನೆ ಬಿಡುವ ಪುಟ್ಟ ಚೀಲ. ಕೆಳಬದಿಯಿಂದ ನೋಡಿದರೆ ಅದರ ನಡುವೆ ಬಿಳಿ ಇರುತ್ತೆ. ಎಗ್‌ಫ್ಲೈ ಹೆಣ್ಣಿಗೆ ಇಂಥ ಗುಂಪಿಲ್ಲ. ಹಿಂದಿನ ರೆಕ್ಕೆಯ ಮೇಲಂಚಿಗೆ ಹತ್ತಿರ ಒಂದೇ ಒಂದು ಕಪ್ಪು ಚುಕ್ಕೆ. ಎಣಿಸಿ ಹೇಳಿ.

ರೆಕ್ಕೆಪುಕ್ಕ
ಅಯ್ಯೋ, ವರ್ಷದಿಂದ ನೋಡ್ತಿದ್ದೀನಿ, ಚುಕ್ಕೆ ಎಣಿಸಬೇಕು ಅಂತ ಹೊಳೆದೇ ಇಲ್ಲ! ಚಿತ್ರ 1ರಲ್ಲಿ ನಾಲ್ಕು. ಚಿತ್ರ 2ರಲ್ಲಿ ಒಂದೇ, ಅದೂ ಮೇಲಂಚಿನ ಹತ್ತಿರ ಮುಂದಿನ ರೆಕ್ಕೆಯಡಿ ಅರ್ಧ ಮರೆಯಾಗಿದೆ. ಚಿತ್ರ 3ರಲ್ಲಿ ಎಲೆಯಿಂದಾಗಿ ಚುಕ್ಕೆ ಕಾಣ್ತಿಲ್ಲ.

ಎಕ್ಕದ ಗಿಡ
ಹಾಗಾದರೆ 1 ಗಂಡು ಪ್ಲೇನ್ ಟೈಗರ್, 2 ಹೆಣ್ಣು ಡನಾಯ್ಡ್ ಎಗ್‌ಫ್ಲೈ. ಆ್ಯಪ್ ಅಲ್ಲಿ ಸರಿಯಾಗೇ ಹೇಳಿದೆ, ಪಾಪ. ಚಿತ್ರ 3ಕ್ಕೆ ಈಗಲೇ ಹೆಸರು ಕೊಡಬೇಡಿ. ಹಿಂದೆಮುಂದೆ ತೆಗೆದ ಮಸುಕು ಫೋಟೊ ಏನಾದರೂ ಇದೆಯಾ? ಅಳಿಸಬೇಕು ಅಂತ ಬದಿಗಿಟ್ಟದ್ದೂ ಆಗಬಹುದು, ಚುಕ್ಕೆ ಎಣಿಸಲು ಅಂದದ ಫೋಟೊ ಬೇಕಿಲ್ಲ.

ಹಾರುಹುಲಿ
ತಪ್ಪೊಪ್ಪಿಕೊಂಡೆ. ಒಂದು ಅನುಮಾನ: ನನ್ನ ಹತ್ತಿರ ಒಂದು ಫೋಟೊ ಇದೆ, ಮೈಯೆಲ್ಲ ಕಿತ್ತಳೆ, ತುದಿಯ ಕಪ್ಪೇ ಇಲ್ಲ. ಅದೂ ಎಗ್‌ಫ್ಲೈ ಇರಬಹುದಾ?

ಎಕ್ಕದ ಗಿಡ
ಎರಡೂ ಇರಬಹುದು! ಪ್ಲೇನ್ ಟೈಗರ್‌ಗೆ ಕಪ್ಪು ತುದಿಯಿಲ್ಲದ ಒಂದು ರೂಪ ಇದೆ, ಡೊರಿಪಸ್ ಅಂತಾರೆ. ಹಿಂದಿನ ರೆಕ್ಕೆ ಬೆಳ್ಳಗಿರುವ ಇನ್ನೊಂದು ರೂಪ ಅಲ್ಸಿಪಸ್. ಎಗ್‌ಫ್ಲೈ ಹೆಣ್ಣು ಇವೆರಡರ ವೇಷವನ್ನೂ ಹಾಕುತ್ತೆ. ಬಣ್ಣದ ಹಿಂದೆ ಹೋದರೆ ದಾರಿ ತಪ್ಪುವುದು ಖಂಡಿತ, ಅಲ್ಲೂ ಚುಕ್ಕೆಯೇ ಗತಿ. ಮೊಟ್ಟೆಯಿಡುವಾಗ ಸಿಕ್ಕರಂತೂ ನಿಮ್ಮ ಅದೃಷ್ಟ. ಎಕ್ಕದ ಎಲೆಗೆ ಮೊಟ್ಟೆ ಅಂಟಿಸಿದರೆ ಪ್ಲೇನ್ ಟೈಗರ್, ಗೋಣಿಸೊಪ್ಪಿನ ಮೇಲೆ ಇಟ್ಟರೆ ಎಗ್‌ಫ್ಲೈ.

ಹಳದಿಹುಚ್ಚು
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು ಸಣ್ಣ ಹಳದಿ ಚಿಟ್ಟೆಗಳ ಗೋಳು. ಕಾಮನ್ ಗ್ರಾಸ್ ಯೆಲ್ಲೋನಾ, ತ್ರೀ-ಸ್ಪಾಟ್ ಗ್ರಾಸ್ ಯೆಲ್ಲೋನಾ? ರೆಕ್ಕೆ ಬಿಚ್ಚಿ ಕೂರೋದೇ ಇಲ್ಲ, ಯಾವಾಗಲೂ ಮುಚ್ಚಿಕೊಂಡೇ.

ಎಕ್ಕದ ಗಿಡ
ಅವು ಮುಚ್ಚಿಕೊಂಡು ಕೂರುವುದೇ ನಮಗೆ ಒಳ್ಳೆಯದು, ಬೇಕಾದ ಗುರುತು ಇರುವುದು ಕೆಳಬದಿಯಲ್ಲೇ. ಮುಂದಿನ ರೆಕ್ಕೆಯ ಬುಡದಿಂದ ನರಗಳು ಸುತ್ತುವರಿದ ಒಂದು ಕೋಣೆ ಇರುತ್ತೆ, ಅದರೊಳಗಿನ ಕಂದು ಗೀಟುಗಳನ್ನು ನೋಡಿ. ಸಾಮಾನ್ಯವಾಗಿ ಎರಡಿದ್ದರೆ ಕಾಮನ್, ಮೂರಿದ್ದರೆ ತ್ರೀ-ಸ್ಪಾಟ್. ‘ಸಾಮಾನ್ಯವಾಗಿ’ ಅಂದದ್ದನ್ನು ದಯವಿಟ್ಟು ಅಂಡರ್‌ಲೈನ್ ಮಾಡಿಕೊಳ್ಳಿ. ಒಣ ಕಾಲದ ರೂಪದಲ್ಲಿ ಕಂದು ಕಲೆಗಳು ಹೆಚ್ಚಿ ತಲೆ ಕೆಡಿಸುತ್ತವೆ, ಒಂದೊಂದು ಚಿಟ್ಟೆಗೂ ವ್ಯತ್ಯಾಸ ಇರುತ್ತೆ. ನನ್ನ ಪಟ್ಟಿಯಲ್ಲಿ ಹಳದಿಗಳಲ್ಲಿ ಅರ್ಧಕ್ಕರ್ಧ ‘ಯೂರೆಮಾ, ಜಾತಿ ಗೊತ್ತಿಲ್ಲ’ ಅಂತಲೇ ಇವೆ (ಯೂರೆಮಾ ಅಂದ್ರೆ ಈ ಹಳದಿಗಳ ಕುಲದ ಹೆಸರು). ಅದಕ್ಕೆ ನಾಚಿಕೆಪಡಬೇಕಿಲ್ಲ. ಊಹಿಸಿ ಇಟ್ಟ ಹೆಸರನ್ನು ಆಮೇಲೆ ಯಾರೂ ತಿದ್ದಲ್ಲ, ಖಾಲಿ ಬಿಟ್ಟದ್ದನ್ನು ತುಂಬುವವರು ಸಿಗುತ್ತಾರೆ.

ರೆಕ್ಕೆಪುಕ್ಕ
ಚಿತ್ರ 3ರ ವಿಷಯ: ಮಸುಕು ಫೋಟೊ ಒಂದೇ ಸಿಕ್ಕಿತು, ಹಾರಲು ಎದ್ದ ಕ್ಷಣದ್ದು. ಹಿಂದಿನ ರೆಕ್ಕೆಯಲ್ಲಿ ಕಪ್ಪಾಗಿ ಏನೋ ಇದೆ, ಚುಕ್ಕೆಯೋ ನೆರಳೋ ಅಂತ ಆಣೆ ಮಾಡಿ ಹೇಳಲಾರೆ. ನೀವು ಹೇಳಿದ ಹಾಗೆ ಹೆಸರಿಲ್ಲದೇ ಬಿಟ್ಟೆ. ಕೈ ಸ್ವಲ್ಪ ನಡುಗಿತು.

ಇನ್ನೊಂದು ಗೊಂದಲ. ಹಳೆಯ ಕೈಪಿಡಿಯಲ್ಲಿ ಪ್ಲೇನ್ ಟೈಗರ್, ಇನ್ನೊಂದು ತಾಣದಲ್ಲಿ ಅದೇ ಚಿತ್ರಕ್ಕೆ ‘ಆಫ್ರಿಕನ್ ಮೊನಾರ್ಕ್’ ಅಂತಿದೆ. ಬೇರೆ ಚಿಟ್ಟೆಯಾ?

ಎಕ್ಕದ ಗಿಡ
ಅದೇ ಚಿಟ್ಟೆ, ಡನಾಯಸ್ ಕ್ರೈಸಿಪಸ್. 1758ರಲ್ಲಿ ಲಿನ್ನೇಯಸ್ ಇಟ್ಟ ‘ಕ್ರೈಸಿಪಸ್’ ಇವತ್ತಿಗೂ ಉಳಿದಿದೆ. ಇಂಗ್ಲಿಷ್ ಹೆಸರು ಒಂದೊಂದು ಕಡೆ ಒಂದೊಂದು, ಆಫ್ರಿಕನ್ ಕ್ವೀನ್ ಅಂತಲೂ ಅಂತಾರೆ. ನಿಮ್ಮ ಎಗ್‌ಫ್ಲೈ ಹೈಪೊಲಿಮ್ನಾಸ್ ಮಿಸಿಪಸ್, ಅದಕ್ಕೆ ಕೆಲವರು ಡಯಡೆಮ್ ಅಂತಾರೆ. ಫೋಲ್ಡರ್‌ಗೆ ಲ್ಯಾಟಿನ್ ಹೆಸರೇ ಇಡಿ. ಅದೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಕಾಮನ್ ರೋಸ್ ಹಳೆಯ ಪುಸ್ತಕಗಳಲ್ಲಿ ಅಟ್ರೊಫನೂರಾ, ಈಗ ಪ್ಯಾಕ್ಲಿಯೊಪ್ಟಾ. ಆದರೂ ‘ಅರಿಸ್ಟೊಲೋಕಿಯೇ’ ಅನ್ನುವ ಎರಡನೇ ಪದ ಹಾಗೇ ಇದೆ, ಹುಡುಕುವಾಗ ಅದನ್ನೇ ಹಿಡಿದು ಹೊರಡಿ.

ರೆಕ್ಕೆಪುಕ್ಕ
ರಾತ್ರಿ ಕೂತು ಹಳೆಯ ಫೋಲ್ಡರ್ ಪೂರ್ತಿ ಜಾಲಾಡಿದೆ. ಪ್ಲೇನ್ ಟೈಗರ್ ಅಂತ ಇಟ್ಟಿದ್ದು 11, ಅದರಲ್ಲಿ 2 ಎಗ್‌ಫ್ಲೈ ಹೆಣ್ಣು. ಗಂಡು ಎಗ್‌ಫ್ಲೈ ಹೇಗಿರುತ್ತೆ ಅಂತ ನೋಡಿದರೆ ಕಪ್ಪು ರೆಕ್ಕೆ, ದೊಡ್ಡ ಬಿಳಿ ಚುಕ್ಕೆಗಳು, ಸುತ್ತ ನೇರಳೆ ಮಿಂಚು. ಅದೂ ನನ್ನ ಹತ್ತಿರ ಇತ್ತು! ‘ಕಪ್ಪು ಚಿಟ್ಟೆ, ಹೆಸರು ಹುಡುಕಬೇಕು’ ಅಂತ ಎಂಟು ತಿಂಗಳಿಂದ ಬಿದ್ದಿತ್ತು. ಗಂಡ ಹೆಂಡತಿ ಇಬ್ಬರೂ ಒಂದೇ ಫೋಲ್ಡರ್‌ನಲ್ಲಿದ್ದರು, ಪರಿಚಯ ಮಾತ್ರ ಆಗಿರಲಿಲ್ಲ.

ಹಾಗೇ ಇನ್ನೊಂದು ಭಯ: ನನ್ನ ಕಾಮನ್ ರೋಸ್ ಫೋಟೊಗಳು. ಅದಕ್ಕೂ ನಕಲಿ ಇದೆ ಅಂತ ಕೇಳಿದ್ದೇನೆ.

ಎಕ್ಕದ ಗಿಡ
ಇದೆ, ಕಾಮನ್ ಮಾರ್ಮನ್ ಹೆಣ್ಣು. ಅದಕ್ಕೆ ಬೇರೆ ಚರ್ಚೆ ಶುರುಮಾಡಿ, ಇಲ್ಲಿ ಬೆರೆಸಿದರೆ ಮುಂದೆ ಹುಡುಕುವವರಿಗೆ ಕಷ್ಟ. ಮೈ ಕಾಣುವ ಫೋಟೊ ಹಾಕಿ, ರೆಕ್ಕೆ ಸಾಲದು. ರೋಸ್‌ನ ಹೊಟ್ಟೆ ಕೆಂಪು, ಮಾರ್ಮನ್‌ನದು ಕಪ್ಪು.