ಬೀದಿಯಲ್ಲಿ ಎಲೆ, ಕಸ ಸುಡುವುದನ್ನು ನಿಲ್ಲಿಸಿದವರು ಇದ್ದೀರಾ? ಹೇಗೆ ಮಾಡಿದಿರಿ?

ಪ್ರಶ್ನೆ, ಹಾಸನದಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಲಗಾಮೆ ರಸ್ತೆ ಕಡೆ ಒಂದು ಬಡಾವಣೆ. ಬೀದಿ ತುಂಬ ಹೊಂಗೆ, ಮಾವು, ಬಾದಾಮಿ ಮರ. ಡಿಸೆಂಬರ್ ಬಂತೆಂದರೆ ಬೆಳಗ್ಗೆ ಆರಕ್ಕೇ ಯಾರಾದರೂ ಎಲೆ ಗುಡ್ಡೆ ಮಾಡಿ ಬೆಂಕಿ ಇಡುತ್ತಾರೆ. ಸಂಜೆಯಾದರೆ ಖಾಲಿ ಸೈಟಿನಲ್ಲಿ ಕಸ ಉರಿಯುತ್ತದೆ, ಅದರಲ್ಲಿ ಪ್ಲಾಸ್ಟಿಕ್ಕೂ ಇರುತ್ತದೆ. ಮಾವನವರಿಗೆ ದಮ್ಮು ಇದೆ. ಚಳಿಗಾಲ ಪೂರ್ತಿ ಕಿಟಕಿ ಮುಚ್ಚಿಕೊಂಡೇ ಇರುತ್ತೇವೆ. ಅಕ್ಕಪಕ್ಕದವರ ಜೊತೆ ಜಗಳ ಆಡಿಕೊಂಡು ಇರುವುದಕ್ಕೆ ಆಗಲ್ಲ ಅಲ್ವಾ? ನಿಮ್ಮ ಕಡೆ ಇದನ್ನು ನಿಲ್ಲಿಸಿದ್ದರೆ ಹೇಗೆ ಅಂತ ಹೇಳಿ.

ಹಾಸನದಿಂದಲೇ ಒಬ್ಬರು

ಅಕ್ಕ, ನಮ್ಮ ಬೀದಿಯಲ್ಲೂ ಇದೇ ಕಥೆ ಇತ್ತು. ಈಗ ಎಲೆ ಸುಡುವುದು ಪೂರ್ತಿ ನಿಂತಿದೆ. ನಾನು ಹೇಳುವುದು ಒಂದೇ: ಸುಡಬೇಡಿ ಅನ್ನುವ ಮೊದಲು ಎಲೆಗೆ ಒಂದು ಜಾಗ ತೋರಿಸಿ.

ನಮ್ಮ ರಸ್ತೆ ಗುಡಿಸುವ ಪೌರಕಾರ್ಮಿಕ ಅಕ್ಕನನ್ನು ಕೂರಿಸಿಕೊಂಡು ಕೇಳಿದೆವು. "ಇಷ್ಟುದ್ದ ರಸ್ತೆ ಗುಡಿಸ್ತೀನಮ್ಮ. ಕಸದ ಗಾಡಿಯೋರು ಎಲೆ ಹತ್ತಿಸ್ಕೊಳಲ್ಲ. ಬಿಟ್ಟು ಹೋದ್ರೆ ಗಾಳಿಗೆ ಮತ್ತೆ ಹರಡ್ತದೆ, ನಿಮ್ಮೋರೇ ಕಂಪ್ಲೇಂಟ್ ಮಾಡ್ತೀರಿ. ಇನ್ನೇನ್ ಮಾಡ್ಲಿ?" ಅಂದರು. ಅವರ ಮಾತು ನೂರಕ್ಕೆ ನೂರು ಸರಿ. ಆ ಹೊಗೆಯನ್ನು ಎಲ್ಲರಿಗಿಂತ ಜಾಸ್ತಿ ಕುಡಿಯುವವರೂ ಅವರೇ.

ಪಾರ್ಕಿನ ಮೂಲೆಯಲ್ಲಿ ಒಂದು ಎಲೆಗೂಡು ಮಾಡಿದೆವು. ಕೋಳಿಗೂಡಿಗೆ ಹಾಕುತ್ತಾರಲ್ಲ, ಆ ಜಾಲರಿಯನ್ನು ದುಂಡಗೆ ಸುತ್ತಿ ನಾಲ್ಕು ಗೂಟಕ್ಕೆ ಕಟ್ಟಿದ್ದು, ಅಷ್ಟೇ. ಅಗಲ ನಾಲ್ಕು ಅಡಿ, ಎತ್ತರವೂ ಅಷ್ಟೇ. ತಳಕ್ಕೆ ಕಡ್ಡಿಪುಳ್ಳೆ ಹಾಕಿದರೆ ಗಾಳಿ ಆಡುತ್ತದೆ. ಅದರ ಮೇಲೆ ಒಂದಡಿ ಎಲೆ, ಒಂದು ಬಕೆಟ್ ಸಗಣಿ ನೀರು, ಒಂದೆರಡು ಬುಟ್ಟಿ ಮಣ್ಣು. ಮತ್ತೆ ಎಲೆ. ಬರೀ ಒಣ ಎಲೆ ಹಾಕಿದರೆ ವರ್ಷವಾದರೂ ಹಾಗೇ ಇರುತ್ತದೆ. ಎಲೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಮ್ಮಿ. ಸಗಣಿ ಅದನ್ನು ತುಂಬಿಕೊಡುತ್ತದೆ. ಒಳಗಿನ ಎಲೆಯನ್ನು ಗುದ್ದಲಿಯಿಂದ ಹೊರತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ತೇವ ಸರಿಯಾಗಿದೆ. ನೀರು ಸುರಿದರೆ ಜಾಸ್ತಿಯಾಯಿತು, ವಾಸನೆ ಶುರುವಾಗುತ್ತದೆ. ಆಗಾಗ ಗುದ್ದಲಿ ಹಾಕಿ ಮಗುಚಬೇಕು. ಚೆನ್ನಾಗಿ ನಡೆಯುತ್ತಿರುವ ಗೂಡಿನ ನಡುವೆ ಬಿಸಿ ಇರುತ್ತದೆ, ಬೆಳಗಿನ ಚಳಿಯಲ್ಲಿ ಹಬೆಯೇ ಏಳುತ್ತದೆ.

ಹೊಂಗೆ ಎಲೆ ಬೇಗ ಕರಗುತ್ತದೆ. ಹಿಂದೆ ನಮ್ಮ ಹಾಸನದ ಕಡೆ ಹೊಂಗೆ ಸೊಪ್ಪನ್ನು ಗದ್ದೆಗೆ ಹಾಕಿ ತುಳಿಯುತ್ತಿದ್ದದ್ದು ಸುಮ್ಮನೆ ಅಲ್ಲ. ಮಾವು, ಬಾದಾಮಿ ಎಲೆ ಗಟ್ಟಿ, ನಿಧಾನ. ಅವನ್ನು ತುಳಿದು ಪುಡಿ ಮಾಡಿ ಹಾಕಿ. ಮೂರ್ನಾಲ್ಕು ತಿಂಗಳಲ್ಲಿ ಕಪ್ಪು ಗೊಬ್ಬರ ಸಿಗುತ್ತದೆ. ಮೊದಲ ಗೊಬ್ಬರವನ್ನು, ಹಿಂದೆ ಎಲೆ ಸುಡುತ್ತಿದ್ದ ಮನೆಗಳಿಗೇ ಚೀಲ ಕಟ್ಟಿ ಕೊಟ್ಟೆವು. ಅಲ್ಲಿಂದ ಅವರೇ ಎಲೆ ತಂದು ಹಾಕತೊಡಗಿದರು.

ಗೂಡಿಗೆ ಹಾಲಿನ ಕವರ್ ಎಸೆಯುವವರು ಇದ್ದೇ ಇರುತ್ತಾರೆ. ಬೇಜಾರು ಮಾಡಿಕೊಳ್ಳದೆ ಆರಿಸಿ ತೆಗೆಯಿರಿ, ಪಕ್ಕದಲ್ಲೇ ಪ್ಲಾಸ್ಟಿಕ್ಕಿಗೆ ಬೇರೆ ಚೀಲ ತೂಗುಹಾಕಿ.

ಚಿಕ್ಕಮಗಳೂರು ಪೇಟೆಯಿಂದ

ಮೇಡಂ, ಮೇಲಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಮ್ಮಲ್ಲಿ ಜನ ಮೊದಲು ಹೇಳುತ್ತಿದ್ದ ಮಾತು, "ನಮ್ಮದು ಗುಡ್ಡದ ಊರು, ಇಲ್ಲಿ ಗಾಳಿ ಕೆಡುತ್ತದಾ?" ಅಂತ. ಅದಕ್ಕೆ ನಾನು ಮೊಬೈಲ್ ತೆಗೆದು ತೋರಿಸುತ್ತಿದ್ದೆ. ನಮ್ಮೂರಿನ ಕಲ್ಯಾಣ ನಗರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿ ಅಳೆಯುವ ಕೇಂದ್ರ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಅದರ ಲೆಕ್ಕ ನೋಡಬಹುದು. ಪಿಎಂ 2.5 ಅನ್ನುವುದನ್ನು ನೋಡಿ. ಅದು ಎರಡೂವರೆ ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಸಣ್ಣ ಕಣ, ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ನಮ್ಮ ದೇಶದ ಮಿತಿ ಘನ ಮೀಟರಿಗೆ ದಿನದ ಸರಾಸರಿ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಆದರೆ ಒಂದು ಕೇಂದ್ರ ತನ್ನ ಸುತ್ತಮುತ್ತಲಿನ ಗಾಳಿಯನ್ನಷ್ಟೇ ಅಳೆಯುತ್ತದೆ, ನಿಮ್ಮ ಮನೆ ಮುಂದಿನ ಹೊಗೆ ಅದರಲ್ಲಿ ಕಾಣದೇ ಇರಬಹುದು. ಸಂಖ್ಯೆ ಚೆನ್ನಾಗಿದೆ ಅಂದ ಮಾತ್ರಕ್ಕೆ ಮಾವನವರಿಗೆ ತೊಂದರೆ ಇಲ್ಲ ಅಂತ ಅಲ್ಲ.

ಚಳಿಗಾಲದ ಬೆಳಗ್ಗೆ ಸುಡುವುದು ಬಹಳ ಕೆಟ್ಟದ್ದು. ಆಗ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ ಇರುತ್ತದೆ. ಹೊಗೆ ಮೇಲೆ ಹೋಗುವುದೇ ಇಲ್ಲ, ಮಂಜಿನ ಜೊತೆ ಬೀದಿಯಲ್ಲೇ ನಿಲ್ಲುತ್ತದೆ. ಬಿಸಿಲು ಏರುವವರೆಗೂ ಮಾವನವರನ್ನು ವಾಕಿಂಗ್‌ಗೆ ಕಳಿಸಬೇಡಿ.

ಆಲ್ದೂರು ಕಡೆಯಿಂದ, ಕಾಫಿ ತೋಟದವರು

ತಂಗಿ, ನಮ್ಮ ತೋಟಗಳಲ್ಲಿ ದರಗು (ಉದುರಿದ ಒಣ ಎಲೆ) ಅಂದರೆ ಆಸ್ತಿ. ಸಿಲ್ವರ್ ಓಕ್ ಎಲೆ ಕಾಫಿ ಬುಡದಲ್ಲೇ ಬಿದ್ದು ಮಣ್ಣು ಕಾಯುತ್ತದೆ. ಕೊಟ್ಟಿಗೆಗೆ ದರಗು ಹಾಸುತ್ತೇವೆ, ಅದೇ ಗೊಬ್ಬರ. ಪೇಟೆಯಲ್ಲಿ ಅದನ್ನೇ ಸುಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಬಡಾವಣೆಯ ಹತ್ತಿರ ಹಸು ಸಾಕಿರುವವರು, ಶುಂಠಿ ಹಾಕಿರುವವರು ಇದ್ದರೆ ಕೇಳಿ. ಶುಂಠಿ ಮಡಿಗೆ ಹೊದಿಕೆ ಬೇಕೇ ಬೇಕು. ಪ್ಲಾಸ್ಟಿಕ್ ಇಲ್ಲದ ಎಲೆ ಚೀಲ ಕೊಟ್ಟರೆ ತಗೊಂಡು ಹೋಗುತ್ತಾರೆ.

ನಮ್ಮ ಹಳ್ಳಿ ಹೊಗೆ ಬೇರೆ. ಅದು ಬಚ್ಚಲ ಒಲೆಯದ್ದು. ಹಂಡೆ ನೀರು ಕಾಯಿಸಲು ಎಲ್ಲ ಮನೆಯಲ್ಲೂ ಬೆಳಗ್ಗೆ ಒಲೆ ಉರಿಯುತ್ತದೆ. ಹಸಿ ಸೌದೆ ಹತ್ತದಿದ್ದಾಗ ಪ್ಲಾಸ್ಟಿಕ್ ಕವರ್ ಹಾಕಿ ಹತ್ತಿಸುವ ಅಭ್ಯಾಸ ಎಲ್ಲರಿಗೂ ಇತ್ತು. ಪ್ಲಾಸ್ಟಿಕ್ ಹೊಗೆಯಲ್ಲಿ ವಿಷ, ಪೈಪಿನ ಪ್ಲಾಸ್ಟಿಕ್ಕಾದ ಪಿವಿಸಿ ಉರಿದರೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕೂತು ಮಾತಾಡಿ ಅದನ್ನು ಬಿಡಿಸಿದರು. ತೆಂಗಿನ ನಾರು, ಅಡಿಕೆ ಹಾಳೆ ಚೂರು ಒಲೆ ಪಕ್ಕ ಇಟ್ಟರೆ ಬೆಂಕಿ ತಟ್ಟನೆ ಹಿಡಿಯುತ್ತದೆ. ಸೌದೆಯನ್ನು ಮಳೆಗಾಲಕ್ಕೆ ಮುಂಚೆಯೇ ಒಣಗಿಸಿ ಸೂರಿನಡಿ ಪೇರಿಸಬೇಕು. ಒಣಸೌದೆಗೆ ಹೊಗೆ ಅರ್ಧಕ್ಕೆ ಅರ್ಧ ಕಮ್ಮಿ ಅನ್ನುವುದು ನಮ್ಮ ಕಣ್ಣಳತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ, ಹೊಗೆ ಕೊಳವೆ ಇರುವ ಅಸ್ತ್ರ ಒಲೆ ಈಗಲೂ ಕೆಲವು ಮನೆಯಲ್ಲಿದೆ. ಆದರೆ ಕೊಳವೆಯ ಮಸಿ ತೆಗೆಯದಿದ್ದರೆ ಹೊಗೆ ಒಳಕ್ಕೇ ನುಗ್ಗುತ್ತದೆ.

ಇನ್ನೊಂದು ನಮ್ಮ ಚಿಂತೆ ಗುಡ್ಡದ ಬೆಂಕಿ. ಫೆಬ್ರವರಿ, ಮಾರ್ಚ್‌ನಲ್ಲಿ ಮುಳ್ಳಯ್ಯನಗಿರಿ ಸಾಲಿನ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಬೀಡಿ ತುಂಡು ಸಾಕು. ಆಮೇಲೆ ದಿನಗಟ್ಟಲೆ ಹೊಗೆ. ಬೆಂಕಿ ಹರಡದಂತೆ ಹುಲ್ಲು ಸವರಿ ಬೆಂಕಿ ರೇಖೆ ತೆಗೆಯುವಾಗ ಊರಿನ ಹುಡುಗರು ಅರಣ್ಯ ಇಲಾಖೆಯವರ ಜೊತೆ ಹೋಗುತ್ತಾರೆ. ಬೆಂಕಿ ಕಂಡರೆ ತಾವೇ ನುಗ್ಗಬಾರದು, ಮೊದಲು ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ 112ಕ್ಕೆ ಫೋನ್ ಮಾಡಬೇಕು ಅಂತ ಹುಡುಗರಿಗೆ ಹೇಳಿಕೊಟ್ಟಿದ್ದೇವೆ. ಗಾಳಿ ತಿರುಗಿದರೆ ಹುಲ್ಲಿನ ಬೆಂಕಿ ಓಡುವವನಿಗಿಂತ ಜೋರು.

ಅರಸೀಕೆರೆಯಿಂದ

ನಮ್ಮ ಕಡೆ ತೆಂಗಿನ ಗರಿ, ಕಾಯಿ ಸುಲಿದ ಮಟ್ಟೆ ಸುಡುತ್ತಿದ್ದರು. ಈಗ ಮಟ್ಟೆಯನ್ನು ಮರದ ಸುತ್ತ ಹೂಳುತ್ತೇವೆ. ಬೇಸಿಗೆಯಲ್ಲಿ ತೇವ ಹಿಡಿದಿಡುತ್ತದೆ. ಗರಿಯನ್ನು ಕೊಚ್ಚಿ ಬುಡಕ್ಕೆ ಹರಡುತ್ತೇವೆ. ಅಷ್ಟೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಅನುಮಾನ. ಎಲೆಗೂಡು ಇಟ್ಟರೆ ಹಾವು ಬರುತ್ತದೆ ಅಂತ ಎದುರು ಮನೆಯವರು ಹೆದರುತ್ತಿದ್ದಾರೆ. ಮತ್ತೆ ಖಾಲಿ ಸೈಟಿನ ಓನರ್ ಬೆಂಗಳೂರಿನಲ್ಲಿದ್ದಾರೆ, ಅಲ್ಲಿ ಕಸ ಸುಡುವವರು ಯಾರು ಅಂತಲೇ ಗೊತ್ತಿಲ್ಲ.

ಹಾಸನದಿಂದ, ಮೊದಲು ಬರೆದವರು

ಅಕ್ಕ, ಅವರ ಹೆದರಿಕೆಯನ್ನು ತಳ್ಳಿಹಾಕಬೇಡಿ. ಅನ್ನ, ಸಾರು, ಮೂಳೆ ಗೂಡಿಗೆ ಬೀಳಬಾರದು. ಅದು ಬಿದ್ದರೆ ಇಲಿ, ಇಲಿ ಹಿಂದೆ ಹಾವು. ಬರೀ ಎಲೆ ಇದ್ದು, ಆಗಾಗ ಮಗುಚುತ್ತಿದ್ದರೆ ಅಲ್ಲಿ ಹಾವು ನೆಲೆ ನಿಲ್ಲುವುದು ಕಮ್ಮಿ. ಮಗುಚುವಾಗ ಕೈ ಹಾಕಬೇಡಿ, ಗುದ್ದಲಿಯನ್ನೇ ಬಳಸಿ. ಮನೆ ಗೋಡೆಗೆ ಅಂಟಿಸಿ ಇಡುವುದು ಬೇಡ.

ಖಾಲಿ ಸೈಟೇ ಕಷ್ಟದ್ದು. ನಾವು ಓನರ್‌ಗೆ ಬೈಯುವ ಮೆಸೇಜ್ ಕಳಿಸಲಿಲ್ಲ. ಕಸ, ಕಾಂಗ್ರೆಸ್ ಗಿಡ ತುಂಬಿದ ಫೋಟೋ ಕಳಿಸಿ, ಶುಚಿ ಮಾಡಿಸಿ ಬೇಲಿ ಹಾಕಿಸಲು ಎಷ್ಟಾಗುತ್ತದೆ ಅಂತ ಬರೆದೆವು. ಹಣ ಕಳಿಸಿದರು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ, ಹಸಿಯಿದ್ದಾಗ ಕೀಳಿಸಿ. ಕೈಗೆ ಗ್ಲೌಸ್ ಇರಲಿ, ತುರಿಕೆ ಬರುತ್ತದೆ. ಒಣಗಲು ಬಿಟ್ಟರೆ ಯಾರಾದರೂ ಕಡ್ಡಿ ಗೀರುತ್ತಾರೆ. ಸೈಟ್ ಶುಚಿಯಾಗಿದ್ದರೆ ಕಸ ಎಸೆಯುವ ಕೈ ಸ್ವಲ್ಪ ಹಿಂಜರಿಯುತ್ತದೆ.

ಇಷ್ಟೆಲ್ಲಾ ಆದ ಮೇಲೂ ಸುಟ್ಟರೆ ಕಾನೂನು ಇದೆ. ಬಯಲಲ್ಲಿ ಕಸ ಸುಡಬಾರದು ಅಂತ 2016ರಲ್ಲಿ ಬಂದ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಅದೇ ವರ್ಷ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಆದೇಶ ಮಾಡಿದೆ. ಬೀದಿಯವರೆಲ್ಲ ಸಹಿ ಹಾಕಿ, ದಿನಾಂಕ ಇರುವ ಫೋಟೋ ಜೊತೆ ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಅರ್ಜಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಗುಡಿಸುವ ಅಕ್ಕನ ಮೇಲೆ ಮಾತ್ರ ದೂರು ಬರೆಯಬೇಡಿ. ಎಲೆ ಸಾಗಿಸಲು ವಾರಕ್ಕೊಂದು ಗಾಡಿ ಬೇಕು ಅಂತ ಅದೇ ಅರ್ಜಿಯಲ್ಲಿ ಸೇರಿಸಿ.

ಜಾಲರಿ ಸುತ್ತುವುದು ಹೇಗೆ ಅಂತ ನೋಡಬೇಕಾದರೆ ಭಾನುವಾರ ಬೆಳಗ್ಗೆ ನಮ್ಮ ಪಾರ್ಕಿಗೆ ಬನ್ನಿ. ಎದುರು ಮನೆಯವರನ್ನೂ ಕರೆದುಕೊಂಡು ಬನ್ನಿ, ಗೂಡನ್ನು ಅವರ ಎದುರಿಗೇ ಮಗುಚುತ್ತೇವೆ.